ಗ್ಯಾಲಿಕಾ ವಿಮರ್ಶೆ: ಹಾಸನದಲ್ಲಿ ಕೂತು ಫ್ರೆಂಚ್ ಹಸ್ತಪ್ರತಿಗಳ ಸಂತರ ಪುಟ್ಟ ಚಿತ್ರ ನೋಡುವವರಿಗೆ

ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹ ಗ್ಯಾಲಿಕಾ. 1997ರಿಂದ ಇದೆ. ದುಡ್ಡು ಕೊಡಬೇಕಿಲ್ಲ, ನೋಡುವುದಕ್ಕೆ ಖಾತೆಯೂ ಬೇಡ. ಪುಸ್ತಕ, ಪತ್ರಿಕೆ, ನಕ್ಷೆ, ಫೋಟೊ ಎಲ್ಲ ಅಲ್ಲಿ ಸಿಗುತ್ತವೆ. ಇಲ್ಲಿ ಹೇಳಹೊರಟಿರುವುದು ಅದರ ಒಂದು ಮೂಲೆಯ ಬಗ್ಗೆ ಮಾತ್ರ: ಬುಕ್ ಆಫ್ ಅವರ್ಸ್ ಎನ್ನುವ ಕೈಬರಹದ ಪ್ರಾರ್ಥನಾ ಪುಸ್ತಕಗಳು, ಅವುಗಳಲ್ಲಿ ಚಿನ್ನ ಹಚ್ಚಿ ಬರೆದ ಸಂತರ ಪುಟ್ಟ ಚಿತ್ರಗಳು. ಈ ವಿಷಯಕ್ಕೆ ಮನೆಯಿಂದಲೇ ಕೈಗೆಟಕುವ ಜಾಗಗಳಲ್ಲಿ ಗ್ಯಾಲಿಕಾಕ್ಕೆ ಮೊದಲ ಸ್ಥಾನ ಕೊಡಲು ಹಿಂಜರಿಯಬೇಕಿಲ್ಲ. ಆದರೆ ಹುಡುಕುವ ಬಗೆ ಗೊತ್ತಿಲ್ಲದೆ ಹೋದವರು ನಾಲ್ಕು ಕಪ್ಪು-ಬಿಳುಪು ಪುಟ ನೋಡಿ ವಾಪಸ್ ಬರುತ್ತಾರೆ.

ಹಾಸನ, ಚಿಕ್ಕಮಗಳೂರು ಕಡೆ ಇದು ಬೇಕಾಗುವವರು ಕಡಿಮೆಯೇನಿಲ್ಲ. ಚರ್ಚ್‌ನ ಪೀಠಕ್ಕೆ, ಹಬ್ಬದ ತೇರಿಗೆ ಸಂತರ ಚಿತ್ರ ಬರೆಯುವ ಪೇಂಟರ್‌ಗಳಿದ್ದಾರೆ, ಚಿನ್ನದ ರೇಕು ಹಿಡಿದು ಕೆಲಸ ಮಾಡುವ ಮೈಸೂರು ಶೈಲಿಯ ಕಲಾವಿದರಿದ್ದಾರೆ, ಡ್ರಾಯಿಂಗ್ ಮೇಷ್ಟ್ರುಗಳಿದ್ದಾರೆ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುವ ಶೆಟ್ಟಿಹಳ್ಳಿ ಚರ್ಚನ್ನು 1860ರ ದಶಕದಲ್ಲಿ ಕಟ್ಟಿಸಿದವರು ಫ್ರೆಂಚ್ ಮಿಷನರಿಗಳು. ಅವರು ಯಾವ ಭಕ್ತಿಪರಂಪರೆಯಿಂದ ಬಂದರು, ಅವರ ಊರಿನಲ್ಲಿ ಸಂತರನ್ನು ಹೇಗೆ ಚಿತ್ರಿಸುತ್ತಿದ್ದರು ಅಂತ ನೋಡಬೇಕೆಂದಿದ್ದರೆ ದಾರಿ ಇಲ್ಲಿಂದ ಹೊರಡುತ್ತದೆ. ಕ್ಯಾಲೆಂಡರ್ ಚಿತ್ರಗಳನ್ನು ನಕಲು ಮಾಡಿ ಮಾಡಿ ನಮ್ಮ ಕಡೆಯ ಸಂತರ ಮುಖಗಳೆಲ್ಲ ಒಂದೇ ಅಚ್ಚಾಗಿಬಿಟ್ಟಿವೆ. ಮೂಲದ ಕಡೆ ಕಣ್ಣು ಹಾಯಿಸಿದರೆ ಕೈಗೆ ಎಷ್ಟು ಬಲ ಬರುತ್ತದೆ ಎನ್ನುವುದು ಒಮ್ಮೆ ನೋಡಿದವರಿಗೆ ಗೊತ್ತಾಗುತ್ತದೆ.

ಮೊದಲು ಹುಡುಕಾಟ. ತಾಣದ ಬಟನ್‌ಗಳನ್ನು ಇಂಗ್ಲಿಷಿಗೆ ಬದಲಿಸಬಹುದು, ಆದರೆ ಹಸ್ತಪ್ರತಿಗಳ ವಿವರ ಫ್ರೆಂಚಿನಲ್ಲೇ ಉಳಿಯುತ್ತದೆ. ಹಾಗಾಗಿ 'ಬುಕ್ ಆಫ್ ಅವರ್ಸ್' ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಹಸ್ತಪ್ರತಿಗಿಂತ ಬೇರೆ ಸರಕೇ ಹೆಚ್ಚು ಬರುತ್ತದೆ. ಫ್ರೆಂಚಿನಲ್ಲಿ 'ಲಿವ್ರ್ ದರ್' (livre d'heures) ಎಂದು ಕೊಡಬೇಕು. ಇಲ್ಲವೇ ಊರಿನ ಹೆಸರು ಸೇರಿಸಿ, ಪ್ಯಾರಿಸ್ ಪದ್ಧತಿಯ ಅವರ್ಸ್, ರೂಆನ್ ಪದ್ಧತಿಯ ಅವರ್ಸ್ ಎಂಬ ಅರ್ಥದ ಪದಗಳನ್ನು (heures à l'usage de Paris, heures à l'usage de Rouen) ಕೊಡಬೇಕು. ಫಲಿತಾಂಶ ಬಂದ ಮೇಲೆ ಬದಿಯಲ್ಲಿ ದಾಖಲೆಯ ಬಗೆ ಆರಿಸುವ ಕಡೆ ಹಸ್ತಪ್ರತಿ ಎನ್ನುವುದನ್ನು ಗುರುತು ಮಾಡಿ. ಇದನ್ನು ಮಾಡದಿದ್ದರೆ 19ನೇ ಶತಮಾನದ ಮುದ್ರಿತ ಪ್ರಾರ್ಥನಾ ಪುಸ್ತಕಗಳ ರಾಶಿಯಲ್ಲಿ ಕಳೆದುಹೋಗುತ್ತೀರಿ. ಸಂತರ ಹೆಸರೂ ಫ್ರೆಂಚ್ ಕಾಗುಣಿತದಲ್ಲೇ ಬೇಕು. ಸಂತಸ್ತ್ರೀ ಎಂದಾದರೆ 'ಸೇಂಟ್' ಪದದ ಕೊನೆಗೆ 'ಇ' ಅಕ್ಷರ ಸೇರಿಸಿ. ಮಾರ್ಗರೆಟ್ ಅಲ್ಲಿ ಮಾರ್ಗರೀತ್ (Marguerite), ನಿಕೋಲಸ್ ಅಲ್ಲಿ ನಿಕೊಲಾ (Nicolas), ಲಾರೆನ್ಸ್ ಅಲ್ಲಿ ಲೊರಾಂ (Laurent).

ಒಬ್ಬ ನಿರ್ದಿಷ್ಟ ಸಂತರ ಚಿತ್ರವೇ ಬೇಕಾದರೆ ನೇರ ಗ್ಯಾಲಿಕಾಕ್ಕೆ ಹೋಗಬೇಡಿ. ಅದೇ ಗ್ರಂಥಾಲಯ ನಡೆಸುವ ಮಾಂದ್ರಗೋರ್ (Mandragore) ಎಂಬ ಇನ್ನೊಂದು ತಾಣವಿದೆ. ಹಸ್ತಪ್ರತಿಗಳಲ್ಲಿನ ಚಿತ್ರಗಳಿಗಾಗಿಯೇ ಮಾಡಿದ ಸೂಚಿ ಅದು. ಅಲ್ಲಿ ಸಂತರ ಹೆಸರು ಕೊಟ್ಟರೆ ಯಾವ ಹಸ್ತಪ್ರತಿ, ಎಷ್ಟನೇ ಎಲೆ ಎಂದು ಹೇಳುತ್ತದೆ. ಆ ಸಂಖ್ಯೆ ಬರೆದುಕೊಂಡು ಗ್ಯಾಲಿಕಾಕ್ಕೆ ಬನ್ನಿ.

ಇಲ್ಲೇ ಬಹಳ ಜನ ಎಡವುವುದು. ಮಾಂದ್ರಗೋರ್ ಕೊಡುವುದು ಎಲೆಯ ಸಂಖ್ಯೆ. ಹಸ್ತಪ್ರತಿಯಲ್ಲಿ ಪುಟಕ್ಕೆ ಸಂಖ್ಯೆ ಹಾಕುವುದಿಲ್ಲ; ಎಲೆಗೆ ಒಂದು ಸಂಖ್ಯೆ, ಅದಕ್ಕೆ ಮುಂಬದಿ, ಹಿಂಬದಿ. ಗ್ಯಾಲಿಕಾ ತೋರಿಸುವುದು ಫೋಟೊದ ಕ್ರಮಸಂಖ್ಯೆ. ರಟ್ಟು, ರಕ್ಷಾಪುಟಗಳ ಫೋಟೊಗಳೂ ಆ ಲೆಕ್ಕದಲ್ಲಿ ಸೇರುತ್ತವೆ. ಉದಾಹರಣೆಗೆ, ಮೊದಲ 8 ಫೋಟೊ ರಟ್ಟು-ರಕ್ಷಾಪುಟಗಳಿಗೆ ಹೋಗಿದ್ದು, ಆಮೇಲೆ ಒಂದೊಂದು ಪುಟಕ್ಕೆ ಒಂದೊಂದು ಫೋಟೊ ಇದೆ ಎನ್ನಿ. ಆಗ 10ನೇ ಎಲೆಯ ಹಿಂಬದಿ ಎಂದರೆ 10ನ್ನು ಎರಡರಿಂದ ಗುಣಿಸಿ 8 ಕೂಡಿಸಿ: 28ನೇ ಫೋಟೊ. ಮುಂಬದಿಯಾದರೆ ಅದರಲ್ಲಿ ಒಂದು ಕಳೆಯಿರಿ: 27. ತೆರೆದ ಎರಡೂ ಪುಟ ಸೇರಿಸಿ ಒಂದೇ ಫೋಟೊ ತೆಗೆದ ಹಸ್ತಪ್ರತಿಗಳಲ್ಲಿ ಈ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಎಲೆಯ ಮೇಲ್ಮೂಲೆಯಲ್ಲಿ ಸಣ್ಣದಾಗಿ ಬರೆದ ಅಂಕಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ದೊಡ್ಡದು ಮಾಡಿ ನೋಡಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಕಪ್ಪು-ಬಿಳುಪಿನ ತೊಂದರೆ. ಗ್ಯಾಲಿಕಾದ ಹಲವು ಹಸ್ತಪ್ರತಿಗಳು ಹಳೆಯ ಮೈಕ್ರೊಫಿಲ್ಮಿನಿಂದ ತೆಗೆದವು. ಅವುಗಳಲ್ಲಿ ಚಿನ್ನ ಬೂದು, ನೀಲಿ ಬೂದು, ಎಲ್ಲ ಬೂದು. ಓದುವವರಿಗೆ ಅಡ್ಡಿಯಿಲ್ಲ, ಚಿತ್ರ ನೋಡುವವರಿಗೆ ಉಪಯೋಗವಿಲ್ಲ. ಮುಖಪುಟದ ಸಣ್ಣ ಚಿತ್ರ ಬೂದಾಗಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಎಲ್ಲಿಂದ ಶುರು ಮಾಡಬೇಕು ಎಂದರೆ ಉತ್ತರ ಸುಲಭ. ಗ್ರಂಥಾಲಯದಲ್ಲಿ ಲ್ಯಾಟಿನ್ 9474 (Latin 9474) ಎಂಬ ಗುರುತಿರುವ ಹಸ್ತಪ್ರತಿ. ಬ್ರಿಟನಿಯ ಆನ್ ರಾಣಿಗಾಗಿ ಜಾನ್ ಬೂರ್ದಿಶೊಂ ಸುಮಾರು 1503ರಿಂದ 1508ರ ನಡುವೆ ಚಿತ್ರ ಬರೆದ ಪುಸ್ತಕ. ಎಲೆ 30 ಸೆಂಟಿಮೀಟರ್ ಎತ್ತರ, 19.5 ಅಗಲ. ಸೆಬಾಸ್ಟಿಯನ್, ನಿಕೋಲಸ್, ಮಾರ್ಗರೆಟ್, ಉರ್ಸುಲಾ, ವೈದ್ಯಸಂತರಾದ ಕಾಸ್ಮಸ್-ಡೇಮಿಯನ್ ಎಲ್ಲರೂ ಪೂರ್ತಿ ಪುಟದ ಚಿತ್ರಗಳಾಗಿ ಬರುತ್ತಾರೆ. ಪಠ್ಯದ ಅಂಚಿನಲ್ಲಿ 330ಕ್ಕೂ ಹೆಚ್ಚು ಗಿಡಗಳು, ಲ್ಯಾಟಿನ್ ಹೆಸರು ಒಂದು, ಫ್ರೆಂಚ್ ಹೆಸರು ಒಂದು. ಸಂತರಿಗಾಗಿ ಹೋದವರು ಗಿಡಗಳ ಹತ್ತಿರವೇ ಹೊತ್ತು ಕಳೆಯುವಂಥ ಪುಸ್ತಕ ಅದು.

ಅದರಲ್ಲಿ ಯಾವುದಾದರೂ ಸಂತಸ್ತ್ರೀಯ ಚಿತ್ರ ತೆರೆದು ಉಡುಪಿನ ಮಡಿಕೆಯ ಮೇಲೆ ಪೂರ್ತಿ ಝೂಮ್ ಮಾಡಿ. ದೂರದಿಂದ ಬೆಳಕು ಬಿದ್ದಂತೆ ಕಂಡ ಜಾಗ ಹತ್ತಿರದಿಂದ ಚಿನ್ನದ ಪುಡಿಯ ಗೆರೆಗಳಾಗಿ ಬಿಡಿಸಿಕೊಳ್ಳುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಮಡಿಕೆಯ ಏಣಿನ ಮೇಲೆ ಗೆರೆಗಳು ಒತ್ತೊತ್ತಾಗಿವೆ, ನೆರಳಿಗೆ ಇಳಿದಂತೆ ನಡುವಿನ ಅಂತರ ಹೆಚ್ಚುತ್ತ ಹೋಗಿ ಬಟ್ಟೆಯ ಬಣ್ಣ ಇಣುಕುತ್ತದೆ. ಹಳದಿ-ಬಿಳಿ ಬಣ್ಣ ಕಲಸಿ ಹೊಳಪು ತರುವ ಅಭ್ಯಾಸ ಇರುವ ಕೈಗೆ ಇದು ದೊಡ್ಡ ಪಾಠ. ಬಣ್ಣವನ್ನು ಮುಟ್ಟದೆ, ಬರೀ ಗೆರೆಗಳ ದಟ್ಟಣೆಯಿಂದ ಬೆಳಕನ್ನು ಏರಿಸಿ ಇಳಿಸಿದ್ದಾರೆ. ಕೂದಲಿಗೂ ಇದೇ ಉಪಾಯ.

ಚಿನ್ನದಲ್ಲಿ ಎರಡು ಬಗೆ ಇದೆ, ನಕಲು ಮಾಡುವವರು ಇದನ್ನು ಬೇರೆ ಬೇರೆಯಾಗಿ ನೋಡಲೇಬೇಕು. ಒಂದು ರೇಕು. ಪ್ಲಾಸ್ಟರ್, ಸೀಸದ ಬಿಳಿ, ಅಂಟು, ಸ್ವಲ್ಪ ಸಕ್ಕರೆ ಅಥವಾ ಜೇನು ಕಲಸಿದ ಗೆಸ್ಸೊವನ್ನು ಉಬ್ಬಾಗಿ ಹಾಕಿ, ಒಣಗಿದ ಮೇಲೆ ಬಾಯಿಯ ಉಸಿರಿನ ತೇವ ಕೊಟ್ಟು, ರೇಕು ಕೂರಿಸಿ, ಅಗೇಟ್ ಕಲ್ಲು ಅಥವಾ ನಾಯಿಯ ಹಲ್ಲಿನಿಂದ ಉಜ್ಜುತ್ತಿದ್ದರು. ಸಕ್ಕರೆ, ಜೇನು ಯಾಕೆಂದರೆ ಅವು ಗಾಳಿಯ ತೇವ ಹಿಡಿದು ಗೆಸ್ಸೊ ಬಿರುಕು ಬಿಡದಂತೆ ನೋಡಿಕೊಳ್ಳುತ್ತವೆ, ಉಸಿರು ತಾಗಿದಾಗ ಅಂಟೂ ಬರುತ್ತದೆ. ಈ ಕೆಲಸ ಬಣ್ಣಕ್ಕಿಂತ ಮೊದಲು ಆಗಬೇಕು. ಆಮೇಲೆ ಮಾಡಿದರೆ ರೇಕು ಬಣ್ಣದ ಅಂಟಿಗೂ ಹತ್ತಿಕೊಳ್ಳುತ್ತದೆ, ಉಜ್ಜುವಾಗ ಬಣ್ಣ ಕೆರೆದುಹೋಗುತ್ತದೆ. ಇನ್ನೊಂದು ಬಗೆ ಪುಡಿ ಚಿನ್ನ. ಗಮ್ ಅರಾಬಿಕ್‌ನಲ್ಲಿ ಕಲಸಿ ಕುಂಚದಿಂದ ಬರೆಯುವುದು. ಅದು ಕೊನೆಯ ಕೆಲಸ, ಬಣ್ಣದ ಮೇಲೆ ಕೂರುತ್ತದೆ. ಝೂಮ್ ಮಾಡಿದಾಗ ಚಿನ್ನದ ಅಂಚಿನ ಮೇಲೆ ಬಣ್ಣ ಏರಿದ್ದರೆ ಅದು ರೇಕು. ಬಣ್ಣದ ಮೇಲೆ ಚಿನ್ನ ಏರಿದ್ದರೆ ಪುಡಿ. ರೇಕು ಉದುರಿದ ಕಡೆ ತಳದ ಬಿಳಿಯೋ ಗುಲಾಬಿಯೋ ಕಾಣುತ್ತದೆ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 'ಗೋಲ್ಡ್ ಪೌಡರ್' ಈ ಕೆಲಸಕ್ಕೆ ಬೇಡ. ಅದು ಹಿತ್ತಾಳೆಯ ಪುಡಿ. ಅದರಲ್ಲಿರುವ ತಾಮ್ರ ಮಲೆನಾಡಿನ ತೇವಕ್ಕೆ ಕಂದಿಗೋ ಹಸಿರಿಗೋ ತಿರುಗುತ್ತದೆ.

ಸ್ಕ್ರೀನಿನ ಮೇಲೆ ಚಿನ್ನದ ಬಣ್ಣವನ್ನು ನಂಬಬಾರದು. ಉಜ್ಜಿದ ರೇಕು ಕನ್ನಡಿ ಇದ್ದಂತೆ. ಎದುರಿಗೆ ಕತ್ತಲಿದ್ದರೆ ಕತ್ತಲನ್ನೇ ತೋರಿಸುತ್ತದೆ. ಮೇಲಿನಿಂದ ಹರಡಿದ ಬೆಳಕಿನಲ್ಲಿ ಫೋಟೊ ತೆಗೆದಾಗ ಪ್ರಭಾವಳಿ ಕಂದು ಬಣ್ಣಕ್ಕೆ, ಕೆಲವೊಮ್ಮೆ ಕಪ್ಪಿಗೆ ತಿರುಗಿರುತ್ತದೆ. ಅದನ್ನು ನೋಡಿ ಕಂದು ಬಣ್ಣ ಕಲಸಿದರೆ ಚಿತ್ರ ಕೆಟ್ಟಂತೆಯೇ. ಇದು ಗ್ಯಾಲಿಕಾದ ಕೊರತೆಯಲ್ಲ, ಯಾವ ಗ್ರಂಥಾಲಯದ ಫೋಟೊದಲ್ಲೂ ಹೀಗೇ. ನೀಲಿಯನ್ನು ಮಾತ್ರ ಧೈರ್ಯವಾಗಿ ನೋಡಬಹುದು. ಮೇರಿಮಾತೆಯ ಮೇಲುವಸ್ತ್ರದ ಒಳ್ಳೆಯ ನೀಲಿ ಅಫ್ಘಾನಿಸ್ತಾನದ ಬಡಖ್‌ಶಾನ್‌ನ ಲ್ಯಾಪಿಸ್ ಕಲ್ಲಿನದು. ಅಗ್ಗದ ಪುಸ್ತಕಗಳಲ್ಲಿ ಆ ಜಾಗಕ್ಕೆ ಅಝುರೈಟ್ ಬರುತ್ತದೆ, ಅದು ಸ್ವಲ್ಪ ಹಸಿರಿನ ಕಡೆ ವಾಲಿರುತ್ತದೆ. ಹಲವು ಹಸ್ತಪ್ರತಿಗಳಲ್ಲಿ ಕೊನೆಯ ಫೋಟೊ ಬಣ್ಣದ ಪಟ್ಟಿಯದು. ಅದನ್ನೂ ಇಳಿಸಿಕೊಂಡು, ಅದರ ಬೂದು ಚೌಕ ಬೂದಾಗಿಯೇ ಕಾಣುವಂತೆ ಸರಿಮಾಡಿದರೆ ಉಳಿದ ಪುಟಗಳ ಬಣ್ಣ ದಾರಿಗೆ ಬರುತ್ತದೆ.

ಝೂಮ್‌ನಲ್ಲಿ ಕಾಣುವ ಹಾಳನ್ನು ಕೂಡ ನಕಲು ಮಾಡಿಬಿಡುವವರಿದ್ದಾರೆ. ಮುಖದ ಮೇಲಿನ ಕಪ್ಪು ಕಲೆ ಹಲವು ಸಲ ನೆರಳಲ್ಲ, ಸೀಸದ ಬಿಳಿ ಗಂಧಕ ತಾಗಿ ಕಪ್ಪಾಗಿರುವುದು. ಹಸಿರು ಬಟ್ಟೆಯ ಜಾಗದಲ್ಲಿ ಎಲೆ ಕಂದಾಗಿ, ಹಿಂಬದಿಯಲ್ಲೂ ಅದೇ ಆಕಾರದ ಕಲೆ ಕಂಡರೆ ತಾಮ್ರದ ಹಸಿರು ಬಣ್ಣ ತೊಗಲನ್ನು (ಈ ಪುಸ್ತಕಗಳ ಎಲೆ ಪ್ರಾಣಿಯ ತೊಗಲಿನದು) ತಿಂದಿದೆ ಎಂದರ್ಥ. ಮುಖ, ಪಾದ ಮಾತ್ರ ಸವೆದಿದ್ದರೆ ಅದು ಭಕ್ತರ ಬೆರಳು, ತುಟಿ ತಾಗಿ ಆದದ್ದು. ಅಂಥ ಪುಟ ಕಂಡಾಗ ಎರಡು ನಿಮಿಷ ನಿಂತು ನೋಡಿ. ಗಾಜಿನ ಪೆಟ್ಟಿಗೆಗಾಗಿ ಮಾಡಿದ ವಸ್ತು ಇದಲ್ಲ, ದಿನಾ ಕೈಯಲ್ಲಿ ಹಿಡಿದು ಪ್ರಾರ್ಥಿಸಿದ್ದು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಪುಸ್ತಕದೊಳಗೆ ಸಂತರು ಎಲ್ಲಿರುತ್ತಾರೆ? ಮೊದಲಿಗೆ ಹಬ್ಬಗಳ ಪಂಚಾಂಗ, ಆಮೇಲೆ ಸುವಾರ್ತೆಯ ಭಾಗಗಳು, ಮೇರಿಮಾತೆಯ ಪ್ರಾರ್ಥನೆಗಳು, ಪಶ್ಚಾತ್ತಾಪದ 7 ಕೀರ್ತನೆಗಳು, ಮೃತರ ಪ್ರಾರ್ಥನೆ. ಸಂತರಿಗೆ ಸಲ್ಲಿಸುವ ಚಿಕ್ಕ ಪ್ರಾರ್ಥನೆಗಳು ಸಾಮಾನ್ಯವಾಗಿ ಕೊನೆಯಲ್ಲಿ. ಹಾಗಾಗಿ ಸಮಯವಿಲ್ಲದವರು ಕೊನೆಯ ಕಾಲುಭಾಗದಿಂದ ತೆರೆಯಬಹುದು. ಆದರೆ ಪಂಚಾಂಗವನ್ನು ಹಾರಿಸಬೇಡಿ, ಪುಸ್ತಕದ ಊರು ಅಲ್ಲಿ ಸಿಗುತ್ತದೆ. ಜನವರಿ 3ರಂದು ಜೆನೆವೀವ್, ಅಕ್ಟೋಬರ್ 9ರಂದು ಡೆನಿಸ್ ಚಿನ್ನದಲ್ಲೋ ಕೆಂಪಿನಲ್ಲೋ ಎದ್ದು ಕಾಣುತ್ತಿದ್ದರೆ ಪ್ಯಾರಿಸ್ ಕಡೆ ನೋಡಿ. ಅಕ್ಟೋಬರ್ 23ರಂದು ರೊಮಾಂ ಹಾಗೆ ಕಂಡರೆ ರೂಆನ್.

ಬೇಲೂರು, ಹಳೇಬೀಡಿನ ಗೋಡೆ ಓದಬಲ್ಲವರಿಗೆ ಸಂತರನ್ನು ಗುರುತಿಸುವುದು ಕಷ್ಟವಾಗದು. ಶಂಖ, ಚಕ್ರ, ಗದೆ, ಪದ್ಮ ಯಾವ ಯಾವ ಕೈಯಲ್ಲಿವೆ ಎಂದು ನೋಡಿ ವಿಷ್ಣುವಿನ 24 ಮೂರ್ತಿಗಳಲ್ಲಿ ಇದು ಇಂಥದ್ದು ಅನ್ನುತ್ತೇವಲ್ಲ, ಇಲ್ಲೂ ಮುಖ ಬಿಟ್ಟು ಕೈ ನೋಡಬೇಕು. ಮುರಿದ ಹಲ್ಲುಚಕ್ರ ಇದ್ದರೆ ಕ್ಯಾಥರಿನ್. ಗೋಪುರ ಇದ್ದರೆ ಬಾರ್ಬರಾ. ಇಕ್ಕಳದಲ್ಲಿ ಹಲ್ಲು ಹಿಡಿದಿದ್ದರೆ ಅಪೊಲೋನಿಯಾ, ಹಲ್ಲುನೋವಿಗೆ ಜನ ಮೊರೆಹೋಗುವ ಸಂತಸ್ತ್ರೀ. ಕಬ್ಬಿಣದ ಸರಳಿನ ಜಾಲರಿ ಲಾರೆನ್ಸ್‌ರದು. ತನ್ನದೇ ರುಂಡವನ್ನು ಕೈಯಲ್ಲಿ ಹಿಡಿದ ಬಿಷಪ್ ಕಂಡರೆ ಡೆನಿಸ್. ತೊಟ್ಟಿಯಲ್ಲಿ ಮೂವರು ಹುಡುಗರು ಎದ್ದು ನಿಂತಿದ್ದರೆ ನಿಕೋಲಸ್. ಮಾರ್ಗರೆಟ್ ಡ್ರ್ಯಾಗನ್‌ನ ಬೆನ್ನು ಸೀಳಿ ಮೇಲೆ ಬರುತ್ತಾರೆ, ಅವರ ಸೆರಗಿನ ತುದಿ ಇನ್ನೂ ಅದರ ಬಾಯಲ್ಲೇ ಇರುತ್ತದೆ. ಒಂದೇ ಚಿತ್ರದಲ್ಲಿ ನುಂಗಿದ್ದೂ ಹೊರಬಂದದ್ದೂ ಎರಡೂ ಕಾಣಬೇಕಲ್ಲ, ಅದಕ್ಕೆ ಆ ತುದಿ. ಹೆರಿಗೆಯ ಹೆಂಗಸರು ಅವರನ್ನು ನೆನೆಯುತ್ತಿದ್ದದ್ದು ಹೀಗೆ ಕ್ಷೇಮವಾಗಿ ಹೊರಬಂದ ಕಾರಣಕ್ಕೇ.

ಅಂತೋಣಿಯವರ ವಿಷಯದಲ್ಲಿ ಮಾತ್ರ ಹುಷಾರು. ನಮ್ಮ ಚರ್ಚ್‌ಗಳಲ್ಲಿ ಬಾಲಯೇಸುವನ್ನು ಎತ್ತಿಕೊಂಡಿರುವವರು ಪಾದುವಾದ ಅಂತೋಣಿ. ಈ ಹಸ್ತಪ್ರತಿಗಳಲ್ಲಿ ಹೆಚ್ಚಾಗಿ ಸಿಗುವವರು ಈಜಿಪ್ಟಿನ ಮಠವಾಸಿ ಅಂತೋಣಿ: ಮುದುಕರು, ಗಡ್ಡ, ಟಿ ಆಕಾರದ ಕೋಲು, ಗಂಟೆ, ಪಕ್ಕದಲ್ಲಿ ಹಂದಿ. ಹೆಸರು ನೋಡಿ ಇಳಿಸಿಕೊಂಡು ಹಬ್ಬದ ಬ್ಯಾನರಿಗೆ ಹಾಕಿದರೆ ಮುಜುಗರವಾಗುತ್ತದೆ.

ಇಳಿಸಿಕೊಳ್ಳುವಾಗ ಪೂರ್ತಿ ಹಸ್ತಪ್ರತಿಯ ಪಿಡಿಎಫ್ ಆರಿಸಬೇಡಿ. ಫೈಲು ಭಾರಿ, ಚಿತ್ರದ ಗುಣಮಟ್ಟವೂ ಕಡಿಮೆ. ಬೇಕಾದ ಪುಟಕ್ಕೆ ಹೋಗಿ ಜೆಪೆಗ್ ತೆಗೆದುಕೊಳ್ಳಿ. ಕೆಳಗೆ ಬಳಕೆಯ ಷರತ್ತು ಒಪ್ಪಿದ ಗುರುತು ಹಾಕದಿದ್ದರೆ ಬಟನ್ ಕೆಲಸ ಮಾಡದು, ತಾಣ ಕೆಟ್ಟಿದೆ ಅಂದುಕೊಳ್ಳಬೇಡಿ. ಪುಟದ ವಿಳಾಸದಲ್ಲಿ 'ಆರ್ಕ್' ಎಂದು ಶುರುವಾಗಿ 12148 ಎಂಬ ಅಂಕಿಯಿರುವ ಭಾಗವನ್ನು ಬರೆದಿಟ್ಟುಕೊಳ್ಳಿ. ಅದು ಆ ಹಸ್ತಪ್ರತಿಯ ಶಾಶ್ವತ ಗುರುತು. ತಾಣದ ರೂಪ ಬದಲಾದರೂ ಅದರಿಂದ ಮತ್ತೆ ಸಿಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಸೋತಾಗ ಝೂಮ್ ತುಣುಕುತುಣುಕಾಗಿ ಬರುತ್ತದೆ. ಅಂಥ ದಿನ ಆನ್‌ಲೈನಿನಲ್ಲಿ ಹೆಣಗುವ ಬದಲು ಮೊದಲೇ ಇಳಿಸಿಟ್ಟ ಜೆಪೆಗ್ ತೆರೆದು ನೋಡುವುದೇ ಸುಖ.

ಪ್ರಿಂಟ್ ಹಾಕಿಸುವವರಿಗೆ ಒಂದಿಷ್ಟು ಲೆಕ್ಕ. ಲ್ಯಾಟಿನ್ 9474ರ ಎಲೆಯನ್ನು ಮೂಲದ ಅಳತೆಯಲ್ಲೇ, ಅಂದರೆ 30 ಸೆಂಟಿಮೀಟರ್ ಎತ್ತರಕ್ಕೆ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮುದ್ರಿಸಲು ಸುಮಾರು 3,550 ಪಿಕ್ಸೆಲ್ ಎತ್ತರ ಬೇಕು. ಎ4 ಹಾಳೆಯ ಎತ್ತರ 29.7 ಸೆಂಟಿಮೀಟರ್, ಮೂರು ಮಿಲಿಮೀಟರ್ ಸಾಲದು. ಪ್ರಿಂಟರ್ ತಾನೇ ಕುಗ್ಗಿಸಿಬಿಡುತ್ತದೆ. ಹಾಗಾಗಿ ಎ3 ಹಾಳೆ, ಅಳತೆ ನೂರಕ್ಕೆ ನೂರು, 'ಫಿಟ್ ಟು ಪೇಜ್' ಆಫ್. ಹಾಸನದ ಬಿ.ಎಂ. ರಸ್ತೆಯ ಅಂಗಡಿಯಾಗಲಿ ಚಿಕ್ಕಮಗಳೂರಿನ ಅಂಗಡಿಯಾಗಲಿ, ಲೇಸರ್ ಪ್ರಿಂಟಾ ಇಂಕ್‌ಜೆಟ್ಟಾ ಎಂದು ಮೊದಲು ಕೇಳಿ. ನಾಲ್ಕು ಬಣ್ಣದ ಲೇಸರಿನಲ್ಲಿ ಲ್ಯಾಪಿಸ್ ನೀಲಿ ನೇರಳೆಗೆ ತಿರುಗಿ ಮಂಕಾಗುತ್ತದೆ, ಆ ನೀಲಿ ನಾಲ್ಕು ಶಾಯಿಗಳ ವ್ಯಾಪ್ತಿಗೇ ಸಿಗುವುದಿಲ್ಲ. ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್, ಮ್ಯಾಟ್ ಕಾಗದ ಇದ್ದರೆ ಒಳ್ಳೆಯದು. ಲ್ಯಾಮಿನೇಷನ್ ಬೇಡ. ಹೊಳಪಿನ ಪದರ ಬಿದ್ದರೆ ತೊಗಲಿನ ಹಾಳೆಯ ಮೈ ಹೋಗಿ ಫೋಟೊ ಆಗಿಬಿಡುತ್ತದೆ. ಫ್ರೇಮ್ ಹಾಕಿಸುವಾಗ ಚಿತ್ರ ಗಾಜಿಗೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಕಿಟಕಿ ಕತ್ತರಿಸಿ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಗಾಜಿಗೆ ತಾಗಿದ ಕಾಗದ ಅಲ್ಲೇ ಅಂಟಿ ಬೂಷ್ಟು ಹಿಡಿಯುತ್ತದೆ.

ಎಲ್ಲ ಫ್ರೆಂಚ್ ಹಸ್ತಪ್ರತಿಯೂ ಗ್ಯಾಲಿಕಾದಲ್ಲಿ ಇರುವುದಿಲ್ಲ. ಲಿಂಬುರ್ಗ್ ಸಹೋದರರ ಹೆಸರಾಂತ 'ತ್ರೇ ರಿಶ್ ಅವರ್ಸ್' ಷಾಂಟಿಯಿ ಎಂಬ ಊರಿನ ಕೊಂದೆ ಮ್ಯೂಸಿಯಮ್ಮಿನದು. ಜಾನ್ ಫೂಕೆ ಬರೆದ ಎತಿಯೆನ್ ಶೆವಾಲಿಯೆ ಅವರ ಪುಸ್ತಕ ಎಲೆ ಎಲೆಯಾಗಿ ಹರಿದು ಹಂಚಿಹೋಗಿದೆ. 40 ಚಿತ್ರ ಷಾಂಟಿಯಿಯಲ್ಲಿ, ಮಾರ್ಟಿನ್ ಮತ್ತು ಮಾರ್ಗರೆಟ್‌ರ ಎಲೆಗಳು ಲೂವ್ರ್‌ನಲ್ಲಿ. ಪುಸ್ತಕವನ್ನು ಬಿಚ್ಚಿ ಬಿಡಿಯಾಗಿ ಮಾರಿದ್ದರ ನಷ್ಟ ಇಂದಿಗೂ ತುಂಬಿಲ್ಲ. ಇದೇ ಲಿಂಬುರ್ಗ್ ಸಹೋದರರು ಸುಮಾರು 1405ರಿಂದ 1409ರ ನಡುವೆ ಚಿತ್ರಿಸಿದ 'ಬೆಲ್ ಅವರ್ಸ್', ಜಾನ್ ಪ್ಯೂಸೆಲ್ ಸುಮಾರು 1324ರಿಂದ 1328ರ ನಡುವೆ ರಾಣಿ ಜಾನ್ ದೆವ್ರೊಗಾಗಿ ಬರೆದ ಪುಟ್ಟ ಪುಸ್ತಕ, ಎರಡೂ ನ್ಯೂಯಾರ್ಕಿನ ಮೆಟ್ ಮ್ಯೂಸಿಯಮ್ಮಿನಲ್ಲಿವೆ. ಎರಡನೆಯದರ ಎಲೆ ಸುಮಾರು 9 ಸೆಂಟಿಮೀಟರ್ ಎತ್ತರ, 6 ಅಗಲ. ಅಂಗೈಯಲ್ಲಿ ಅಡಗುವ ಆ ಪುಟಗಳಲ್ಲಿ ಬೂದು ಛಾಯೆಯಲ್ಲೇ ದೇಹಗಳನ್ನು ಕಲ್ಲಿನ ಶಿಲ್ಪದಂತೆ ಎಬ್ಬಿಸಿದ್ದಾರೆ. ಸೋಪ್‌ಸ್ಟೋನ್ ಕೆತ್ತನೆ ನೋಡಿ ಬೆಳೆದ ನಮ್ಮ ಕಡೆಯ ಕಣ್ಣಿಗೆ ಅದು ಬೇಗ ಹಿಡಿಸುತ್ತದೆ.

ಬಳಕೆಯ ಹಕ್ಕು ಬೇರೆ ಬೇರೆ. ಗ್ಯಾಲಿಕಾದ ಚಿತ್ರವನ್ನು ಕಲಿಕೆಗೆ, ಪಾಠಕ್ಕೆ, ಮನೆಯ ಗೋಡೆಗೆ ಬಳಸಬಹುದು, ಮೂಲ ಗ್ಯಾಲಿಕಾ ಮತ್ತು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಎಂದು ನಮೂದಿಸಬೇಕು. ಹಬ್ಬದಲ್ಲಿ ಮಾರುವ ಕಾರ್ಡು, ಕ್ಯಾಲೆಂಡರ್, ದುಡ್ಡಿಗೆ ಬರೆದುಕೊಡುವ ಕೆಲಸ ಅಂದರೆ ಮೊದಲು ಅವರ ಷರತ್ತಿನ ಪುಟ ಓದಿ. ಮೆಟ್ 2017ರಿಂದ ತನ್ನ ಸಂಗ್ರಹದ ಹಳೆಯ ಕೃತಿಗಳ ಚಿತ್ರಗಳನ್ನು ಯಾವ ಬಳಕೆಗಾದರೂ ಬಿಟ್ಟುಕೊಟ್ಟಿದೆ, ಚಿತ್ರದ ಕೆಳಗೆ 'ಓಪನ್ ಆ್ಯಕ್ಸೆಸ್' ಗುರುತು ಇದ್ದರಾಯಿತು. ಮಾರಾಟದ ಉದ್ದೇಶ ಇರುವವರು ಕ್ಯಾಥರಿನ್‌ರ ಚಿತ್ರಕ್ಕೆ 'ಬೆಲ್ ಅವರ್ಸ್' ತೆರೆಯಲಿ, ಅವರ ಕಥೆ ಅಲ್ಲಿ ಒಂದಾದ ಮೇಲೊಂದು ಪುಟದಲ್ಲಿ ಬರುತ್ತದೆ.